ಮಾವ ಇಳಿಸಿದ ಮಳೆ

ನಮ್ಮ ಸೋದರಮಾವನಿಗೆ ದೇವರು ಬುದ್ಧಿ ಇಡಬೇಕಾದ ಜಾಗದಲ್ಲೂ ಮೂಗನ್ನೇ ಇಟ್ಟುಬಿಟ್ಟಿದ್ದ. ಉತ್ಪ್ರೇಕ್ಷೆ ಅನ್ನುತ್ತೀರಾ? ಹಾಗಾದರೆ ಕೇಳಿ.

ಎಪ್ಪತ್ತರ ದಶಕದ ಮಾತು. ಮಾವ ಹಿರಿಯೂರಿನ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ. ಒಂದು ದಿನ ಅಲ್ಲಿಗೆ ಬಂದ ಅತ್ತರು ಮಾರುವವರೊಬ್ಬರು ಪುಟ್ಟ ಬಾಟಲಿಯ ಬಿರಡೆ ತೆಗೆದು, "ಮೂಸಿ ನೋಡ್ರಿ, ಮಣ್ಣಿನ ಅತ್ತರು. ಮೊದಲ್ನೇ ಮಳೆ ವಾಸನೆ" ಎಂದರು.

ಮಾವ ಕಣ್ಣುಮುಚ್ಚಿ ಮೂಸಿದ. "ಎಲ್ಲಿ ಮಳೆರಿ ಇದು?"

"ಉತ್ತರದ ಕಡೇದು."

"ಅದಕ್ಕೇ! ನಮ್ಮೂರ ಮಳೆ ಹಿಂಗಿರಲ್ಲ ಬಿಡ್ರಿ."

ಬಿಟ್ಟನೇ? ಮಾಡುವ ವಿಧಾನವನ್ನೆಲ್ಲ ಅವರಿಂದಲೇ ಕೇಳಿಕೊಂಡ. ಸುಟ್ಟ ಮಣ್ಣಿನ ಬಿಲ್ಲೆಗಳನ್ನು ನೀರಲ್ಲಿ ಕುದಿಸಿ, ಆ ಆವಿಯನ್ನು ಗಂಧದೆಣ್ಣೆಗೆ ಇಳಿಸಬೇಕಂತೆ. ಅವತ್ತಿನಿಂದ ನಮ್ಮೆಲ್ಲರ ಮಾನ ಮಣ್ಣುಪಾಲಾಯಿತು!

ಮೊದಲ ಏಟು ಬಿದ್ದದ್ದು ನನಗೇ. ರಾಮಗಿರಿಗೆ ನನಗೆ ಹೆಣ್ಣು ನೋಡಲು ಹೋಗಿದ್ದೆವು. ಹುಡುಗಿ ಉಪ್ಪಿಟ್ಟಿನ ತಟ್ಟೆ ಹಿಡಿದು ಬಂದರೆ ಮಾವನೇ ನಾಪತ್ತೆ! ಹಿತ್ತಲಿಗೆ ಹೋಗಿ ನೋಡುತ್ತೇವೆ, ನೆಲಕ್ಕೆ ಚೊಂಬಿನ ನೀರು ಚಿಮುಕಿಸಿ, ಮಂಡಿಯೂರಿ, ಮೂಗನ್ನು ಮಣ್ಣಿಗೆ ತಾಗಿಸಿಕೊಂಡಿದ್ದಾನೆ.

ಹುಡುಗಿಯ ತಂದೆ ಗಾಬರಿಯಿಂದ, "ಯಾಕ್ರಿ ಏನಾತು? ಹುಡುಗಿ ಒಪ್ಪಿಗೆ ಆಗ್ಲಿಲ್ವಾ?" ಎಂದರು.

"ಮಣ್ಣು ಭಾಳ ಚೆನ್ನಾಗೈತ್ರಿ! ಮದುವೆ ಮಾಡ್ಬಿಡಾಣ. ಈಗೊಂದು ಚೀಲ ತುಂಬಿಸ್ಕೊಡ್ರಿ."

ಹುಡುಗಿ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಇಲ್ಲದಿದ್ದರೆ ನಾನು ಇವತ್ತಿಗೂ ಬ್ರಹ್ಮಚಾರಿ!

ಮಾವನ ಹೆಂಡತಿ, ನಮ್ಮತ್ತೆಯ ತವರಿನ ತಾಮ್ರದ ಹಂಡೆ ಭಟ್ಟಿಯಾಯಿತು. ಹಂಡೆಯ ಬಾಯಿಗೆ ಮಣ್ಣು ಮೆತ್ತಿ, ಬಿದಿರಿನ ಕೊಳವೆ ಸಿಕ್ಕಿಸಿ ಉರಿ ಹಾಕಿದ್ದೇ ತಡ, ಪಕ್ಕದ ಮನೆಯವರು ಪೊಲೀಸರಿಗೆ ಹೇಳಿಬಿಟ್ಟರು.

"ಕಳ್ಳಭಟ್ಟಿ ಕಾಯಿಸ್ತೀಯೇನಯ್ಯ?" ಎಂದು ಪೇದೆ ಗುಡುಗಿದ.

"ಸಾರಾಯಿ ಅಲ್ರಿ, ಮಳೆ ಇಳಿಸ್ತಿದೀನಿ."

"ಕುಡಿದೂ ಆಗೈತೆ! ನಡಿ ಸ್ಟೇಷನ್ನಿಗೆ."

ಅತ್ತೆ ಹಣೆ ಚಚ್ಚಿಕೊಂಡಳು. "ಹಂಡೆ ಹೋತು, ಈಗ ಗಂಡನೂ ಹೋಗ್ತಾರೆ!"

ನಮ್ಮ ವಂಶದಲ್ಲಿ ಯಾರಾದರೂ ಸ್ಟೇಷನ್ ಮೆಟ್ಟಿಲು ಹತ್ತಿದ್ದುಂಟೇ? ನಾನೂ ಹಿಂದೆಯೇ ಓಡಿದೆ. ಇನ್ಸ್‌ಪೆಕ್ಟರು ಅಷ್ಟರಲ್ಲಿ ಇಳಿದಿದ್ದ ಅತ್ತರನ್ನು ಮೂಸಿದರು, ಮತ್ತೊಮ್ಮೆ ಮೂಸಿದರು. "ಇದನ್ನ ಯಾರು ಕೊಂಡ್ಕಂತಾರ್ರಿ?"

"ಯಾರೂ ಇಲ್ಲ ಸಾಹೇಬ್ರೇ."

"ಹಂಗಾದ್ರೆ ಇದು ಅಪರಾಧ ಅಲ್ಲ, ಹುಚ್ಚು. ಮನೆಗೆ ಹೋಗ್ರಿ!"

ಮುಂದಿನ ಬೇಸಿಗೆಯಲ್ಲಿ ಅತ್ತೆಗೆ ವಿಷಮಶೀತ ಜ್ವರ ಬಂತು. ಚಿತ್ರದುರ್ಗದ ಆಸ್ಪತ್ರೆಗೆ ಸೇರಿಸಿದೆವು. ಜ್ವರ ನೆತ್ತಿಗೇರಿ ಅವಳಿಗೆ ಯಾರ ಗುರುತೂ ಸಿಗುತ್ತಿರಲಿಲ್ಲ, ಗಂಡನದೂ. ಹಗಲಿಡೀ ಮಂಚದ ಪಕ್ಕ ಕೂತಿದ್ದ ಮಾವ ಜೇಬಿನಿಂದ ಅತ್ತರಿನ ಬಾಟಲಿ ತೆಗೆದಾಗ ನಾನು ದಂಗಾದೆ. "ಮಾವ, ಇಲ್ಲೂ ಶುರುವಾ?"

ಅವನು ಬಿರಡೆ ತೆಗೆದ. ಮಣಿಕಟ್ಟಿಗೆ ಒಂದಿಷ್ಟು ಸವರಿಕೊಂಡು ಅತ್ತೆಯ ಮೂಗಿನ ಬಳಿ ಹಿಡಿದ. ಸ್ವಲ್ಪ ಹೊತ್ತಿಗೆ ಅವಳ ಮೂಗಿನ ಹೊಳ್ಳೆ ಅರಳಿತು. ಕಣ್ಣು ಬಿಟ್ಟಳು.

"ಮಳೆ ಬಂತೇನ್ರಿ?"

ಕಿಟಕಿಯಾಚೆ ಕೆಂಡದಂಥ ಬಿಸಿಲು.

"ಬಂತು ಕಣೆ," ಎಂದ ಮಾವ.

"ನೆಂದ್ಕಂಡ್ ಬಂದ್ರಾ?"

"ಹೂಂ. ಪೂರ್ತಿ ನೆಂದೆ."

ಅತ್ತೆ ಸೆರಗು ಎತ್ತಿ ಅವನ ಒಣ ತಲೆಯನ್ನು ಒರೆಸತೊಡಗಿದಳು. ಅವಳ ಕೈಗೆ ಎಟುಕಲೆಂದು ಮಾವ ಇನ್ನಷ್ಟು ಬಗ್ಗಿದ.