ಮೇಷ್ಟ್ರ ಅಂಗೈಯಲ್ಲಿ ಎದ್ದು ನಿಂತ ಕಾಯಿ

ಕಣ್ಣಿಗೆ ಕಾಣದ್ದನ್ನು, ಕೈಗೆ ಸಿಗದ್ದನ್ನು ನಂಬಬೇಡಿ ಎಂದು ಹದಿನೆಂಟು ವರ್ಷ ಮಕ್ಕಳಿಗೆ ಹೇಳಿಕೊಟ್ಟ ವಿಜ್ಞಾನದ ಮೇಷ್ಟ್ರು ನಾನು. ಅಂಥವನ ಹಿತ್ತಲಿಗೇ, ತೊಂಬತ್ತೆಂಟರ ಬೇಸಿಗೆಯಲ್ಲಿ, ಬೋರ್‌ವೆಲ್‌ಗೆ ಜಾಗ ತೋರಿಸಲು ಮುನಿಯಪ್ಪನವರು ತೆಂಗಿನಕಾಯಿ ಹಿಡಿದು ಬಂದರು. ಕರೆಸಿದ್ದು ನನ್ನ ಹೆಂಡತಿ ಸರೋಜ. ಒಂದು ಕಾಲಕ್ಕೆ ನಮ್ಮ ಹಲಸೂರಿನಲ್ಲೇ ಸೊಪ್ಪು ಬೆಳೆಯುತ್ತಿದ್ದ ಹಿರಿಯರು ಅವರು. ನೀರಿರುವ ಕಡೆ, ಅವರ ಅಂಗೈ ಮೇಲೆ ಮಲಗಿಸಿದ ಕಾಯಿ ಎದ್ದು ನಿಲ್ಲುತ್ತದಂತೆ!

"ಐದೇ ನಿಮಿಷದಲ್ಲಿ ಬಣ್ಣ ಬಯಲು ಮಾಡ್ತೀನಿ, ನೋಡು," ಎಂದೆ.

"ರೀ, ದೊಡ್ಡೋರು ಅವ್ರು. ಸುಮ್ನಿರಿ," ಎಂದಳು.

ಸುಮ್ಮನಿರಲಿಲ್ಲ. ಮುನಿಯಪ್ಪನವರ ಕಣ್ಣಿಗೆ ಟವೆಲ್ ಕಟ್ಟಿ, ಮೂರು ಸುತ್ತು ತಿರುಗಿಸಿ ಬಿಟ್ಟೆ. ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಕಾಯಿ ಎದ್ದಿತು. ಇನ್ನೊಂದು ಮೂಲೆಯಿಂದ ನಡೆಸಿದೆ. ಅದೇ ಕಲ್ಲು, ಅದೇ ಜಾಗ!

"ಕೈಚಳಕ!" ಎಂದು ಘೋಷಿಸಿದೆ.

ಅವರು ನಕ್ಕರು. "ನೀವೇ ಹಿಡ್ಕೊಳಿ ಸಾ."

ಕಾಂಪೌಂಡಿನ ಮೇಲೆ ಅಕ್ಕಪಕ್ಕದವರ ತಲೆಗಳು ಸಾಲುಗಟ್ಟಿದ್ದವು. ಎದೆಯುಬ್ಬಿಸಿ ನಡೆದೆ. ಕಲ್ಲಿನ ಬಳಿ ಬಂದಾಗ ಕಾಯಿ ಅಲುಗಿತು. ನಿದ್ದೆಯಿಂದೇಳುವ ಮಗುವಿನ ಹಾಗೆ ಮೆಲ್ಲಗೆ, ನನ್ನದೇ ಅಂಗೈ ಮೇಲೆ, ಜುಟ್ಟು ಮೇಲೆ ಮಾಡಿ ನಿಂತುಬಿಟ್ಟಿತು. ಹದಿನೆಂಟು ವರ್ಷ ಹೇಳಿದ ಪಾಠದ ಒಂದಕ್ಷರವೂ ನನಗೆ ನೆನಪಾಗಲಿಲ್ಲ.

ಅಲ್ಲಿಗೇ ಕೈಮುಗಿದಿದ್ದರೆ ಬಚಾವಾಗುತ್ತಿದ್ದೆ. ಆದರೆ ಮೇಷ್ಟ್ರ ಮರ್ಯಾದೆ! "ಇಲ್ಲಿ ನೀರಿಲ್ಲ, ಈಗಲೇ ತೋರಿಸ್ತೀನಿ," ಎಂದು ಹಾರೆ ತಂದೆ.

"ಬ್ಯಾಡಿ ಸಾ, ಅದು ಮಿಷಿನ್ ಕೆಲ್ಸ," ಎಂದರು ಮುನಿಯಪ್ಪ.

ಮೊಣಕಾಲುದ್ದ ಅಗೆದಿರಬೇಕು. ಠಣ್! ನೀರು ತಾರಸಿಯೆತ್ತರಕ್ಕೆ ಚಿಮ್ಮಿತು. ಸರೋಜ "ಗಂಗಮ್ಮ ತಾಯಿ!" ಎಂದು ಕೈಮುಗಿದಳು. ತೊಪ್ಪೆಯಾಗಿ ನಿಂತ ನಾನೂ ಮುಗಿದೆ. ಐದು ನಿಮಿಷದಲ್ಲಿ ಬೀದಿಯ ನಲ್ಲಿಗಳೆಲ್ಲ ನಿಂತವು.

ಪೈಪ್ ರಿಪೇರಿಯವನು ಬಂದು ಗುಂಡಿ ನೋಡಿ ಬೆರಗಾದ. "ಈ ಲೈನು ಯಾವ ನಕ್ಷೆಯಲ್ಲೂ ಇಲ್ಲ ಸಾರ್! ಹೆಂಗ್ ಕಂಡುಹಿಡಿದ್ರಿ?"

ನಾನು ಮುನಿಯಪ್ಪನವರ ಮುಖ ನೋಡಿದೆ.

"ನೀರದೆ ಅಂತ ಹೇಳ್ತದೆ ಸಾ," ಎಂದರು ಅವರು. "ಯಾರ ನೀರು ಅಂತ ಹೇಳಲ್ಲ."

ರಿಪೇರಿಯವನು ತಗ್ಗಿದ ದನಿಯಲ್ಲಿ ಕೇಳಿದ: "ಪಕ್ಕದ ರಸ್ತೇಲಿ ಟಾರ್ ಕೆಳಗೆ ಒಂದು ವಾಲ್ವ್ ಸಿಗ್ತಿಲ್ಲ. ಸ್ವಲ್ಪ ಬರ್ತೀರಾ ಸಾರ್?"

ಹೋದೆ! ಒದ್ದೆ ಪಂಚೆಯಲ್ಲಿ, ಅಂಗೈ ಮೇಲೆ ಕಾಯಿ ಇಟ್ಟುಕೊಂಡು, ನಡುರಸ್ತೆಯಲ್ಲಿ ನಾಲ್ಕು ಸಲ ಓಡಾಡಿದೆ. ಕಾಯಿ ಮಿಸುಕಲಿಲ್ಲ. ಸ್ಕೂಟರಿನಲ್ಲಿ ಬರುತ್ತಿದ್ದ ನಮ್ಮ ಹೆಡ್‌ಮಾಸ್ಟರು ಮಾತ್ರ ಬ್ರೇಕ್ ಹಾಕಿ ನಿಂತುಬಿಟ್ಟರು!