ಟೈಟು ಅಂದ್ರೆ ಯಾವ ಟೈಟು?

ನ್ಯಾಮತಿಯಲ್ಲಿ ನಂದೊಂದು ಟೈಲರ್ ಅಂಗಡಿ. ಬಂದೋರೆಲ್ಲ ತಪ್ಪದೆ ಆಡೋ ಇಂಗ್ಲಿಷ್ ಪದ ಒಂದೇ, 'ಟೈಟು'. ಅರ್ಥ ಮಾತ್ರ ಒಬ್ಬೊಬ್ಬರದು ಒಂದೊಂದು. ಹಾಗಾಗಿ ಇಂಥ ಎಡವಟ್ಟುಗಳು ನನಗೆ ಆಗ್ತಾನೇ ಇರ್ತವೆ.

ಹೆಡ್‌ಮಾಸ್ತರ ಪ್ಯಾಂಟು

ಹೊನ್ನಾಳಿಯಿಂದ ಒಬ್ಬ ಶಿಸ್ತಿನ ಹೆಡ್‌ಮಾಸ್ತರು ವರ್ಗವಾಗಿ ಬಂದರು. ಪ್ಯಾಂಟಿನ ಬಟ್ಟೆ, ಅಳತೆಗೊಂದು ಹಳೇ ಪ್ಯಾಂಟು, ಎರಡನ್ನೂ ಶಾಲೆ ಗುಮಾಸ್ತರ ಕೈಲಿ ಕಳಿಸಿದರು.

'ಸಾಹೇಬ್ರದು ಭಾಳ ಟೈಟು ರೀ,' ಅಂದರು ಗುಮಾಸ್ತರು, ಬೆವರು ಒರೆಸಿಕೊಳ್ಳುತ್ತಾ.

'ಎಲ್ಲಿ? ಸೊಂಟದಾಗಾ?'

'ಎಲ್ಲಾ ಕಡೆನೂ!'

ಪಾಪ ಅನ್ನಿಸಿ, ಎಲ್ಲಾ ಕಡೆ ಧಾರಾಳವಾಗಿ ಬಿಟ್ಟು ಹೊಲಿದೆ. ಮಾರನೇ ವಾರ ಹೆಡ್‌ಮಾಸ್ತರು ಹಾಕ್ಕೊಂಡ ಹೊಸ ಪ್ಯಾಂಟು ಜಾರದಂಗೆ ಎರಡೂ ಕೈಲಿ ಹಿಡಕೊಂಡೇ ಬಂದರು. ಹಿಂದೆ ಗುಮಾಸ್ತರು.

'ಎಲ್ಲಾ ಕಡೆ ಟೈಟು ಅಂತ ಇವರೇ ಹೇಳಿದ್ರಲ್ಲ ಸಾರ್!' ಅಂದೆ.

ಗುಮಾಸ್ತರು ಗೋಡೆ ಕಡೆ ತಿರುಗಿಬಿಟ್ಟರು. ಹೆಡ್‌ಮಾಸ್ತರಿಗೆ ಅರ್ಥವಾಯಿತು. 'ಪ್ಯಾಂಟು ನೀವು ಟೈಟ್ ಮಾಡ್ರಿ,' ಅಂದರು. 'ಇವರನ್ನ ನಾನು ಮಾಡ್ತೀನಿ.'

ಜಗಳೂರು ಅತ್ತೆ

ಜಗಳೂರಿನ ನಮ್ಮ ಸೋದರತ್ತೆಗೆ ರವಿಕೆ ಹೊಲಿದು ಕೊಟ್ಟಿದ್ದೆ. ಒಂದಿನ ಫೋನ್ ಬಂತು.

'ಭಾಳ ಟೈಟಪ್ಪಾ! ಉಸಿರಾಡಾಕೂ ಆಗ್ತಿಲ್ಲ.'

'ಸೈಡಿನ ಹೊಲಿಗೆ ಬಿಚ್ಚಿಬಿಡ್ರಿ ಅತ್ತೆ, ಸರಿ ಹೋಗ್ತೈತೆ.'

ಅತ್ತೆ ಗುಡುಗಿದರು: 'ನಾ ಬಸ್ಸಿನ ರಶ್ಶು ಹೇಳಾಕತ್ತೀನಿ! ಇಷ್ಟು ಜನರ ನಡುವೆ ಬಿಚ್ಚು ಅಂತೀಯಲ್ಲೋ, ಮಾನಗೇಡಿ!'

ಮದುಮಗನ ಕೋಟು

ಚನ್ನಗಿರಿಯಲ್ಲಿ ಒಂದು ಮದುವೆ. ಹುಡುಗಿ ಅಪ್ಪ ನನ್ನ ಹಳೇ ಗಿರಾಕಿ, ಹೆಂಡದ ಹೆಸರು ಹೇಳಿದರೂ ಮುಖ ಸಿಂಡರಿಸೋ ಮನುಷ್ಯ. ಅಳಿಯನಿಗೆ ಕೋಟು ಕೊಡಿಸಿದ್ದು ಅವರೇ, ಹೊಲಿದಿದ್ದು ನಾನು. ಮದುವೆ ಹಿಂದಿನ ದಿನದ ಆರತಕ್ಷತೆಗೆ ಇನ್ನೇನು ಹೊತ್ತಾಯಿತು ಅನ್ನುವಾಗ, ಛತ್ರದ ಮೇಲಿನ ರೂಮಿಂದ ಹುಡುಗನ ಸೋದರಮಾವ ಅವರಿಗೆ ಫೋನ್ ಮಾಡಿದ. ಕಿವಿ ಮಂದ ಅಂತ ಅವರು ಸ್ಪೀಕರ್ ಹಾಕಿದರು. ನಾನು ಪಕ್ಕದಲ್ಲೇ ಇದ್ದೆ.

'ಬೀಗ್ರೆ, ಮದುಮಗಂದು ಫುಲ್ ಟೈಟ್ ಆಗೈತೆ. ಸ್ಟೇಜ್ ಮೇಲೆ ನಿಲ್ಲಾಕೆ ಆಗಲ್ಲ.'

ಅವರ ಮುಖ ಬಿಳಿಚಿತು. 'ಯಾವಾಗಿಂದ?'

'ಬೆಳಿಗ್ಗೆನೇ ಸ್ವಲ್ಪ ಇತ್ತು. ಊಟ ಆದ್ಮೇಲೆ ಪೂರ್ತಿ.'

'ಮೊದಲೇ ಹೇಳಬಾರದಿತ್ತೇನ್ರೀ?'

'ನೀವೇ ಪ್ರೀತಿಯಿಂದ ಕೊಡಿಸಿದ್ದು. ಹೆಂಗೆ ಹೇಳೋದು?'

'ನಾನು ಕೊಡಿಸಿದ್ನಾ!'

ನನಗೆ ಕೋಟಿನ ವಿಷಯ ಹೊಳೆಯೋ ಹೊತ್ತಿಗೆ ಅವರು ಮದುವೆನೇ ಬೇಡ ಅಂತ ಕೂಗುತ್ತಾ ಮೆಟ್ಟಿಲು ಹತ್ತಿಬಿಟ್ಟಿದ್ದರು. ಸೂಜಿದಾರ ಹಿಡಿದು ನಾನೂ ಓಡಿದೆ. ಮೇಲೆ ಮದುಮಗ ಹೊಟ್ಟೆ ಒಳಗೆಳಕೊಂಡು, ಕೋಟಿನ ಗುಂಡಿ ಹಾಕಿ, ಉಸಿರು ಬಿಗಿಹಿಡಿದು ನಿಂತಿದ್ದ. ಹೆಣ್ಣು ಕೊಡೋ ಮಾವ ಅವನ ಬಾಯಿ ಹತ್ತಿರ ಮೂಗು ಒಡ್ಡಿದರು.

'ಉಸಿರು ಬಿಡ್ರಿ!'

ಬಿಟ್ಟ. ಗುಂಡಿ ಹಾರಿ ಮಾವನ ಹಣೆಗೆ ಬಡಿಯಿತು.

ಉಸಿರಲ್ಲಿ ಹೋಳಿಗೆ, ತುಪ್ಪದ ವಾಸನೆ ಬಿಟ್ಟರೆ ಬೇರೇನಿಲ್ಲ. ಮಾವ ಹಣೆ ಉಜ್ಜಿಕೊಂಡು ಕೋಟು ನೋಡಿದರು, ನನ್ನ ನೋಡಿದರು, ಆಮೇಲೆ ಬಿದ್ದು ಬಿದ್ದು ನಕ್ಕರು. ನಾನು ಕೂತು ಹೊಲಿಗೆ ಸಡಿಲ ಮಾಡಿದೆ. ಮಾವ ಬಾಗಿಲಿಂದಲೇ ಅಡುಗೆಯವರನ್ನ ಕರೆದು, 'ಅಳಿಯಂದ್ರಿಗೆ ಇವತ್ತು ಇನ್ನೇನೂ ಬೇಡ, ಬರೀ ಮಜ್ಜಿಗೆ ಕೊಡ್ರಿ,' ಅಂದರು.

ಮದುಮಗ ಫುಲ್ ಟೈಟ್ ಅನ್ನೋ ಸುದ್ದಿ ಅಷ್ಟರಲ್ಲಿ ಅಡುಗೆಮನೆ ಮುಟ್ಟಿತ್ತು. ಅಡುಗೆಯವರು ಹತ್ತಿರ ಬಂದು ಮೆಲ್ಲಗೆ ಕೇಳಿದರು:

'ನಿಂಬೆಹಣ್ಣು ಹಿಂಡಿ ಕೊಟ್ರೆ ಬೇಗ ಇಳೀತೈತೆ. ಹಿಂಡ್ಲಾ?'