ನಿಡೋಣಿ ಸಕ್ರವ್ವನ ಗುಲಾಬಿಗಳು ಮತ್ತು ತಿರುಗಿ ಹೋದ ಕಂಬಳಿ

ಕಿರು ನೇರಪ್ರಸಾರ ಆದಾಯ ಗ್ರಹಿಕಾ ಘಟಕ
(ತಾತ್ಕಾಲಿಕ; ತಾತ್ಕಾಲಿಕವಾಗಿಯೇ ಮುಂದುವರಿಸಲ್ಪಟ್ಟಿದೆ)
ಅಥಣಿ ರಸ್ತೆ, ವಿಜಯಪುರ

ಸಂಖ್ಯೆ: ಕಿನೇಆಗ್ರ/ರೊಟ್ಟಿ/ಗುಲಾಬಿ/ಕಂಬಳಿ/ಭಾಗ-೨
ದಿನಾಂಕ: ರುಜು ಮಾಡುವವರು ಹಾಕತಕ್ಕದ್ದು

ಸುತ್ತೋಲೆ

ವಿಷಯ: ಮೊಬೈಲಿನಲ್ಲಿ ನೇರಪ್ರಸಾರ ಮಾಡುವ ಸಣ್ಣಪುಟ್ಟವರ ಆದಾಯ ತೆರಿಗೆಯನ್ನು ಅರ್ಥ ಮಾಡಿಕೊಳ್ಳುವ ಬಗ್ಗೆ, ಹಾಗೂ ಅರ್ಥ ಮಾಡಿಕೊಳ್ಳಲು ಹೋಗಿ ಆದ ಅನಾಹುತವನ್ನು ಸರಿಪಡಿಸುವ ಬಗ್ಗೆ.

ಉಲ್ಲೇಖ: ೧) ಇದೇ ಘಟಕದ ಹಿಂದಿನ ಸುತ್ತೋಲೆ (ಯಾರಿಗೂ ತಿಳಿಯದ ಕಾರಣ ಹಿಂಪಡೆಯಲಾಗಿದೆ). ೨) ಶ್ರೀಮತಿ ಸಕ್ರವ್ವ, ಸಾ. ನಿಡೋಣಿ, ತಾ. ಬಬಲೇಶ್ವರ, ಇವರ ಮೌಖಿಕ ಹೇಳಿಕೆ. ೩) ಜವಾನ ಮುತ್ತು ಹೊತ್ತು ತಂದ ಮಾತು.

ಪ್ರಸ್ತಾವನೆ:

ವಿಜಯಪುರ ನಗರ, ತಿಕೋಟಾ ಹಾಗೂ ಬಬಲೇಶ್ವರ ತಾಲೂಕುಗಳಲ್ಲಿ ಈಚೆಗೆ ಕೈಯಲ್ಲಿ ಮೊಬೈಲು ಇದ್ದವರೆಲ್ಲ ನೇರಪ್ರಸಾರಕ್ಕೆ ಇಳಿದಿರುವುದು ಘಟಕದ ಗಮನಕ್ಕೆ ಬಂದಿರುತ್ತದೆ. ತಿಕೋಟಾದ ಕರೆಪ್ಪ ಎಂಬವರು ತಮ್ಮ ಶೆಡ್ಡಿನಲ್ಲಿ ದ್ರಾಕ್ಷಿ ಒಣಗುವುದನ್ನು ತೋರಿಸುತ್ತಾರೆ. ದ್ರಾಕ್ಷಿ ಒಣಗುತ್ತದೆ, ಅಷ್ಟೇ. ಆದರೂ ಜನ ನೋಡುತ್ತಾರೆ. ನೋಡಿ ಮೆಚ್ಚಿದವರು ಗುಲಾಬಿ, ಕಿರೀಟ, ಸಿಂಹ ಮುಂತಾದ ಚಿತ್ರಗಳನ್ನು ದುಡ್ಡು ಕೊಟ್ಟು ಕೊಂಡು ಪರದೆಯ ಮೇಲೆ ಕಳಿಸುತ್ತಾರೆ. ಕಂಪನಿಯವರು ತಮ್ಮ ಪಾಲು ಮುರಿದುಕೊಂಡ ಮೇಲೆ ಆ ಚಿತ್ರಗಳು ಪ್ರಸಾರ ಮಾಡಿದವರ ಬ್ಯಾಂಕ್ ಖಾತೆಗೆ ಹಣವಾಗಿ ಬೀಳುತ್ತವೆ. ಬಿದ್ದದ್ದು ಆದಾಯ. ಇಷ್ಟನ್ನು ಅರ್ಥ ಮಾಡಿಕೊಳ್ಳಲೆಂದೇ ಈ ಘಟಕವು ಸ್ಥಾಪನೆಯಾಗಿದ್ದು, ಅರ್ಥವಾದ ಮೇಲೂ ಘಟಕವು ಉಳಿದಿರುವುದರಿಂದ ಈ ಕೆಳಗಿನಂತೆ ಎಲ್ಲರಿಗೂ ತಿಳಿಯಪಡಿಸಲಾಗಿದೆ.

ಅ. ಸಾಮಾನ್ಯ ನಿಯಮಗಳು

೧. ಗುಲಾಬಿಯು ಹೂವಾಗಿದ್ದು, ಹೂವು ಬೆಳೆಯಾಗಿದ್ದು, ಬೆಳೆಯ ಆದಾಯಕ್ಕೆ ತೆರಿಗೆ ಇಲ್ಲವೆಂದು ಕೆಲವು ರೈತ ಪ್ರಸಾರಕರು ವಾದಿಸಿರುತ್ತಾರೆ. ಪರದೆಯ ಮೇಲಿನ ಗುಲಾಬಿಗೆ ಪಹಣಿ ಇಲ್ಲದ ಕಾರಣ ವಾದವನ್ನು ತಳ್ಳಿಹಾಕಲಾಗಿದೆ. ಪಹಣಿ ತಂದವರ ಅರ್ಜಿಯನ್ನು ಪರಿಶೀಲಿಸಲಾಗುವುದು.

೨. ಸಿಂಹವು ವನ್ಯಜೀವಿಯಾಗಿರುವುದರಿಂದ ಅರಣ್ಯ ಇಲಾಖೆಯ ಅಭಿಪ್ರಾಯವನ್ನು ಕೋರಲಾಗಿದೆ. ಅಭಿಪ್ರಾಯ ಬರುವವರೆಗೆ ಸಿಂಹ ಬಂದವರು ಗಾಬರಿಯಾಗತಕ್ಕದ್ದಲ್ಲ.

೩. ಸಂಬಂಧಿಕರು ಕೊಟ್ಟ ಉಡುಗೊರೆಗೆ ತೆರಿಗೆ ಇಲ್ಲವೆಂಬುದು ನಿಜ. ಆದರೆ ನೋಡುವವರನ್ನೆಲ್ಲ 'ಅಣ್ಣಾರ', 'ಮಾವಾರ', 'ಬೀಗರ' ಎಂದು ಕರೆದ ಮಾತ್ರಕ್ಕೆ ಅವರು ಸಂಬಂಧಿಕರಾಗುವುದಿಲ್ಲ. ದುಬೈನಲ್ಲಿ ಲಾರಿ ಓಡಿಸುವ ಬೀಗರು ಯಾವ ಕಡೆಯ ಬೀಗರೆಂಬುದಕ್ಕೆ ವಂಶವೃಕ್ಷ ಲಗತ್ತಿಸತಕ್ಕದ್ದು.

೪. ಮದುವೆಯಲ್ಲಿ ಬಂದ ಉಡುಗೊರೆಗೂ ತೆರಿಗೆ ಇಲ್ಲ. ಆದರೆ ರೊಟ್ಟಿ ಬಡಿಯುವುದು ಮದುವೆಯಲ್ಲ.

೫. ವೀಕ್ಷಣಾ ಕರ್ತವ್ಯದಲ್ಲಿರುವ ಸಿಬ್ಬಂದಿ ನಗತಕ್ಕದ್ದಲ್ಲ. ತಡೆಯಲಾಗದಿದ್ದಲ್ಲಿ ಹೊರಗೆ ಹೋಗಿ, ನಕ್ಕು, ಚಲನವಲನ ವಹಿಯಲ್ಲಿ ನಮೂದಿಸಿ, ಮುಖ ಗಂಟಿಕ್ಕಿಕೊಂಡು ಒಳಗೆ ಬರತಕ್ಕದ್ದು. ರೊಟ್ಟಿಯ ಪ್ರಸಾರ ನೋಡುವವರು ಮೊದಲೇ ಉಂಡಿರಬೇಕು. ಪ್ರಸಾರಕರ ಮೇಲೆ ಯಾವುದೇ ರೀತಿಯ ಅಕ್ಕರೆ ಹುಟ್ಟಿದಲ್ಲಿ ಕೂಡಲೇ ಮೇಲಧಿಕಾರಿಗಳಿಗೆ ಬರವಣಿಗೆಯಲ್ಲಿ ತಿಳಿಸತಕ್ಕದ್ದು.

ಆ. ಪ್ರಕರಣ

೬. ಮೇಲಿನ ಐದನೆಯ ಕಲಮನ್ನು ಎಲ್ಲರಿಗಿಂತ ಮೊದಲು ಮುರಿದವರು ಘಟಕದ ನಿರೀಕ್ಷಕರಾದ ಶ್ರೀ ಬಸಲಿಂಗಯ್ಯನವರು. ಇವರು ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯವರು. ಕಡತದಲ್ಲಿ ಒಂದು ಗುಂಡುಸೂಜಿ ಕಡಿಮೆಯಾದರೂ ಜ್ಞಾಪನ ಹೊರಡಿಸುವ ಕಟ್ಟುನಿಟ್ಟಿನ ಮನುಷ್ಯ. ಆ ಕಾರಣಕ್ಕೇ ಇವರನ್ನು ನಿಡೋಣಿಯ ಸಕ್ರವ್ವನವರ ಪ್ರಸಾರ ನೋಡಲು ನೇಮಿಸಲಾಯಿತು. ಸಕ್ರವ್ವನವರದು ಕುರಿ ಕಾಯುವ, ಕಂಬಳಿ ನೇಯುವ ಮನೆತನ. ಅಡುಗೆ ಹೊತ್ತಿಗೆ ಹಿಟ್ಟಿನ ಡಬ್ಬಿಗೆ ಮೊಬೈಲು ಒರಗಿಸಿಟ್ಟು, ರೊಟ್ಟಿ ಬಡಿಯುತ್ತ ನೋಡುವವರ ಸುಖದುಃಖ ವಿಚಾರಿಸುವುದಷ್ಟೇ ಅವರ ಕಾರ್ಯಕ್ರಮ. ಅವರ ಯಜಮಾನರಾದ ಅಮೋಘಿಯವರು ಸುತ್ತಿನ ಹಳ್ಳಿಗಳ ಮದುವೆಗಳಲ್ಲಿ ಆಯೇರ, ಅಂದರೆ ಉಡುಗೊರೆ, ಮಾಡಿದವರ ಹೆಸರನ್ನು ಮೈಕಿನಲ್ಲಿ ಕೂಗುವವರು. ಆದ್ದರಿಂದ ಪರದೆಯ ಮೇಲೆ ಗುಲಾಬಿ ಬಂದರೂ ಬಗಲಲ್ಲಿ ಕುಳಿತು ಹಾಗೆಯೇ ಕೂಗುತ್ತಾರೆ.

೭. ಗುಲಾಬಿಯು ಹಣವಾಗುವ ಬಗೆಯನ್ನು ತಿಳಿಯಲು ಒಂದು ಗುಲಾಬಿ ಕಳಿಸಿ ನೋಡುವಂತೆ ಘಟಕವೇ ಆದೇಶಿಸಿತ್ತು. ಗುಲಾಬಿಗೆಂದು ಅನುದಾನ ಇಲ್ಲದ ಕಾರಣ ಬಸಲಿಂಗಯ್ಯನವರು ಸ್ವಂತ ಜೇಬಿನಿಂದ ಕಳಿಸಿದರು. ಆಗ ಅಮೋಘಿಯವರು ಪರದೆಯಲ್ಲಿ ಮೂಡಿದ ಹೆಸರು, ಊರು ಓದಿಕೊಂಡು, ಗಂಟಲು ಸರಿಪಡಿಸಿಕೊಂಡು ಕೂಗಿದ್ದನ್ನು ಯಥಾವತ್ತಾಗಿ ದಾಖಲಿಸಲಾಗಿದೆ: "ಬಿಜಾಪುರದಿಂದ ಬಸಲಿಂಗಯ್ಯ ಸಾಹೇಬ್ರು, ಒಂದ ಗುಲಾಬಿ ಆಯೇರ. ಸಾಹೇಬ್ರ ಮನಿ ತಣ್ಣಗ ಇರಲಿ." ಸಕ್ರವ್ವನವರು ಹಿಟ್ಟಿನ ಕೈಯಲ್ಲೇ ತಲೆಯೆತ್ತಿ, "ಉಂಡ್ರೇನ್ರಿ ಸಾಹೇಬ್ರ?" ಎಂದು ಕೇಳಿದರು.

ಬಸಲಿಂಗಯ್ಯನವರ ಹೆಸರನ್ನು ಅಲ್ಲಿಯವರೆಗೆ ಗಟ್ಟಿಯಾಗಿ ಕೂಗಿದ್ದು ಕೋರ್ಟಿನ ಬಾಗಿಲಲ್ಲಿ ಮಾತ್ರ. ತೆರಿಗೆಯವರು ಮನೆಗೆ ಬಂದರೆ ಜನ ನೀರು ಕೊಡುತ್ತಾರೆ, ಅದೂ ಅಂಗಳದಲ್ಲೇ ನಿಲ್ಲಿಸಿ. ಉಂಡಿರಾ ಎಂದು ಕೇಳುವವರು ಯಾರು? ಅವರ ಕಣ್ಣು ತುಂಬಿದ್ದನ್ನು ಪಕ್ಕದ ಮೇಜಿನವರು ಲಿಖಿತವಾಗಿ ವರದಿ ಮಾಡಿರುತ್ತಾರೆ. ಖಚಿತಪಡಿಸಿಕೊಳ್ಳುವ ಸಲುವಾಗಿ ಅವರು ಮರುದಿನವೂ ಗುಲಾಬಿ ಕಳಿಸಿದರು, ಅದರ ಮರುದಿನವೂ ಕಳಿಸಿದರು. ಇದಕ್ಕೆ ಆದೇಶವಿರಲಿಲ್ಲ.

೮. ತರುವಾಯ ನಿಯಮದಂತೆ ಸಕ್ರವ್ವನವರಿಗೆ ನೋಟಿಸು ಹೋಗಿ, ದಂಪತಿ ಕಚೇರಿಗೆ ಹಾಜರಾದರು. ಗುಲಾಬಿಗಳನ್ನು ಆದಾಯವೆಂದು ಒಪ್ಪುವಿರಾ ಎಂದು ಕೇಳಲಾಗಿ, ಅವರು ಕೊಟ್ಟ ಹೇಳಿಕೆ: "ಇದು ಗಳಿಕಿ ಅಲ್ರಿ ಯಪ್ಪಾ, ಆಯೇರ. ಇಸ್ಕೊಂಡದ್ದ ತಿರಗಿ ಮುಟ್ಟಸೂದೈತಿ. ಅವರ ಮನ್ಯಾಗ ಮದವಿ ಆದ್ರ ಹೋಗತೇವಿ. ಮದವಿ ಇಲ್ಲಂದ್ರ ತೊಟ್ಲಕ್ಕ. ಅದೂ ಇಲ್ಲಂದ್ರ ಮಣ್ಣಿಗಿ ಹೋಗಬೇಕಲ್ರಿ." ಅಂದರೆ ಬಂದ ಪ್ರತಿ ಗುಲಾಬಿಯೂ ಅವರ ಲೆಕ್ಕದಲ್ಲಿ ತೀರಿಸಬೇಕಾದ ಋಣ. ಕಂಪನಿಯವರು ಆಯೇರದಲ್ಲಿಯೂ ಪಾಲು ಮುರಿಯುತ್ತಾರೆಂದು ತಿಳಿಸಿದಾಗ, "ಅಂಥಾ ಮಂದೀನ ಎಲ್ಲೂ ನೋಡಿಲ್ರಿ" ಎಂದು ಗಲ್ಲಕ್ಕೆ ಕೈ ಹಚ್ಚಿಕೊಂಡರು.

ಯಾವ ಕಾರ್ಯವೂ ನಡೆಯದ ಮನೆಯವರ ಗುಲಾಬಿಯನ್ನು ಹೇಗೆ ಮುಟ್ಟಿಸುವಿರಿ ಎಂದು ಘಟಕದ ಮುಖ್ಯಸ್ಥರು ಕೇಳಿದರು. ಸದರಿ ಮುಖ್ಯಸ್ಥರು ಅಥಣಿ ರಸ್ತೆಯ ಹೊಸ ಬಡಾವಣೆಯಲ್ಲಿ ಒಬ್ಬರೇ ಇರುವವರಾಗಿದ್ದು, ತಮ್ಮ ನಿವೃತ್ತಿಗೆ ಸಮಾರಂಭವಾಗಲಿ ಮೈಕಾಗಲಿ ಬೇಡವೆಂದು ಟಿಪ್ಪಣಿ ಕೊಟ್ಟಿರುತ್ತಾರೆ. ಪ್ರಶ್ನೆಯು ಕೇವಲ ತಾಂತ್ರಿಕವಾಗಿತ್ತು. ಸಕ್ರವ್ವನವರು ಅವರ ಕಡೆ ತಿರುಗಿ, "ಕಾರ್ಯ ಇಲ್ಲದ ಮನಿ ಇರೂದಿಲ್ರಿ ಅಕ್ಕಾರ. ಕರಿಯೂದು ಇರೂದಿಲ್ಲ, ಅಷ್ಟ" ಎಂದರು.

೯. ಸಕ್ರವ್ವನವರ ಗುಲಾಬಿಗಳನ್ನೆಲ್ಲ ಕೂಡಿಸಿ, ಕುರಿಯ ಉಣ್ಣೆಯದನ್ನೂ ಸೇರಿಸಿ ನೋಡಿದರೂ ಅವರ ಆದಾಯವು ತೆರಿಗೆಯ ಹೊಸ್ತಿಲನ್ನು ಮುಟ್ಟುವುದಿಲ್ಲ. ಇದು ಮೊದಲ ದಿನವೇ ತಿಳಿದಿತ್ತು. ಆದರೆ ಕಡತವನ್ನು ತೆರೆದಾಗಿತ್ತು. ತೆರೆದ ಕಡತವು ಮೇಜಿನಿಂದ ಮೇಜಿಗೆ ಹೋಗಬೇಕು, ಹೋಗುತ್ತಿತ್ತು. ಹೀಗಾಗಿ ಕಾಗದದ ಮೇಲೆ ಅವರು 'ವಿಚಾರಣೆಯಲ್ಲಿರುವ ವ್ಯಕ್ತಿ'ಯಾಗಿಯೇ ಉಳಿದರು. ಮುಂದಿನ ಅನಾಹುತಕ್ಕೆಲ್ಲ ಇದೇ ಬೇರು.

೧೦. ಅಷ್ಟರಲ್ಲಿ ಬಸಲಿಂಗಯ್ಯನವರ ಮಗಳು ನಂದಾಳ ಮದುವೆ ಬಂತು. ಸಕ್ರವ್ವನವರಿಗೆ ಆಮಂತ್ರಣ ಪತ್ರಿಕೆ ಹೋಗಿರಲಿಲ್ಲ; ಕಚೇರಿಗೆ ಬಂದಾಗ ಸುದ್ದಿ ಕಿವಿಗೆ ಬಿದ್ದಿತ್ತು, ಅಷ್ಟೇ. ಪತ್ರಿಕೆಯ ಅವಶ್ಯಕತೆ ಅವರಿಗೂ ಕಾಣಲಿಲ್ಲ, ಗುಲಾಬಿ ಬಂದಿತ್ತಲ್ಲ. ದಂಪತಿ ಬಸ್ಸು ಹತ್ತಿ ಕಲ್ಯಾಣ ಮಂಟಪಕ್ಕೆ ಬಂದರು. ಮನೆಯಲ್ಲೇ ನೇಯ್ದ ಕರಿ ಕಂಬಳಿಯನ್ನು ನಂದಾಳ ಹೆಗಲಿಗೆ ಹೊದಿಸಿ, ಅವಳ ಗದ್ದ ಹಿಡಿದು ಹರಸಿದರು. ಅಮೋಘಿಯವರು ಅಭ್ಯಾಸಬಲದಿಂದ ಮೈಕು ತೆಗೆದುಕೊಂಡು, "ನಿಡೋಣಿ ಸಕ್ರವ್ವ, ಒಂದ ಕಂಬಳಿ ಆಯೇರ. ಟ್ಯಾಕ್ಸ ಆಫೀಸಿನ ಋಣ ಮುಟ್ಟಿಸೇವಿ" ಎಂದು ಕೂಗಿದರು. ಎದುರಿನ ಪಂಕ್ತಿಯಲ್ಲಿ ಇಲಾಖೆಯ ಮೇಲಧಿಕಾರಿಗಳು ಹುಗ್ಗಿ ಉಣ್ಣುತ್ತಿದ್ದರು. ಅವರ ಕೈ ಬಾಯಿಯ ಹತ್ತಿರ ನಿಂತದ್ದನ್ನು ಬಸಲಿಂಗಯ್ಯನವರು ಕಂಡರು.

೧೧. ವಿಚಾರಣೆಯಲ್ಲಿರುವ ವ್ಯಕ್ತಿಯಿಂದ ಅಧಿಕಾರಿಯು ಏನನ್ನೂ ಪಡೆಯುವಂತಿಲ್ಲ. ನೌಕರಿಯ ಅಂಜಿಕೆ ದೊಡ್ಡದು. ಮರುದಿನವೇ ಕಂಬಳಿಯನ್ನು ಲಕೋಟೆಯಲ್ಲಿ ಹಾಕಿ, ಅರಗು ಒತ್ತಿ, ಜವಾನ ಮುತ್ತು ಅವರ ಕೈಯಲ್ಲಿ ನಿಡೋಣಿಗೆ ಹಿಂದಿರುಗಿಸಲಾಯಿತು. ತಿರುಗಿ ಕಳಿಸಿದ ಆಯೇರವೆಂದರೆ ಈ ಸೀಮೆಯಲ್ಲಿ ಕಡಿದ ಸಂಬಂಧ ಎಂಬುದು ಬಸಲಿಂಗಯ್ಯನವರಿಗೆ ತಿಳಿಯದ ಸಂಗತಿಯಲ್ಲ. ತಿಳಿದೇ ಕಳಿಸಿದರು, ಕಳಿಸಿದ ಮೇಲೆ ಅವರಿಗೆ ಊಟ ಸೇರಲಿಲ್ಲ. ಮುತ್ತು ಅವರು ಹೊತ್ತು ತಂದ ಮಾತು: "ಆಕಿ ಬೈಲಿಲ್ರಿ ಸಾಹೇಬ್ರ. ಬೈದಿದ್ರ ಚಲೋ ಇತ್ತು. 'ನಮ್ಮಿಂದ ಏನ ತಪ್ಪಾತು ಅಂತ ಕೇಳಪಾ' ಅಂದ್ಳು. ನನಗ ಚಾ ಕುಡಿಸಿ ಕಳಿಸ್ಯಾಳ್ರಿ."

೧೨. ಅಂದಿನಿಂದ ಸಕ್ರವ್ವನವರ ನೇರಪ್ರಸಾರ ನಿಂತಿದೆ. ಮಂದಿಯನ್ನು ನಮ್ಮವರೆಂದು ತಿಳಿದು ಮಾತಾಡಿಸಿದ್ದೇ ತಪ್ಪಾಯಿತೆಂದು ಅವರು ಓಣಿಯಲ್ಲಿ ಹೇಳಿಕೊಂಡಿರುವುದಾಗಿ ವರದಿಯಾಗಿದೆ. ದುಬೈನ ಬೀಗರು ಕಚೇರಿಗೆ ದೂರವಾಣಿ ಮಾಡಿ ಅಕ್ಕ ಎಲ್ಲಿ ಎಂದು ಕೇಳುತ್ತಿದ್ದಾರೆ. ಬಸಲಿಂಗಯ್ಯನವರು ಅಡುಗೆ ಹೊತ್ತಿಗೆ ಸರಿಯಾಗಿ ಮೊಬೈಲು ತೆರೆದು, ಕಪ್ಪು ಪರದೆ ನೋಡಿ, ಮುಚ್ಚಿಡುತ್ತಾರೆ. ಅವರು ಈಚೆಗೆ ಗುಂಡುಸೂಜಿಗಳ ಬಗ್ಗೆ ಏನೂ ಕೇಳುತ್ತಿಲ್ಲವಾದ್ದರಿಂದ ಕಚೇರಿಯಲ್ಲಿ ಆತಂಕದ ವಾತಾವರಣವಿರುತ್ತದೆ.

ಇ. ಆದೇಶ

೧೩. ಸಕ್ರವ್ವನವರಿಂದ ಯಾವ ತೆರಿಗೆಯೂ ಬರಬೇಕಾಗಿಲ್ಲವೆಂದು, ಅವರು ಯಾವ ವಿಚಾರಣೆಯಲ್ಲಿಯೂ ಇಲ್ಲವೆಂದು ಈ ಮೂಲಕ ಘೋಷಿಸಲಾಗಿದೆ. ಆದ್ದರಿಂದ ಸದರಿ ಕಂಬಳಿಯನ್ನು ಸ್ವೀಕರಿಸಲು ಈಗ ಅಡ್ಡಿಯಿಲ್ಲ. ಆದರೆ ಕಂಬಳಿಯು ನಿಡೋಣಿಯಲ್ಲಿದೆ.

೧೪. ಕಂಬಳಿಯನ್ನು ಮರಳಿ ಕಳಿಸುವಂತೆ ಪತ್ರ ಬರೆಯುವ ಪ್ರಸ್ತಾವವನ್ನು ಕೈಬಿಡಲಾಗಿದೆ. ಆಯೇರವನ್ನು ಬೇಡಿ ಪಡೆದವರು ಈ ಜಿಲ್ಲೆಯಲ್ಲಿ ಇಲ್ಲ. ಈ ಬಗ್ಗೆ ಘಟಕದಲ್ಲಿ ಯಾರಿಗೂ ಏನೂ ತೋಚದೆ ಮುತ್ತು ಅವರನ್ನು ಕೇಳಲಾಗಿ, "ಕಡದದ್ದ ಕಾಗದದಿಂದ ಕೂಡೂದಿಲ್ರಿ. ಅವರ ಮನ್ಯಾಗ ಮೊಮ್ಮಗನ ಜವಳ ಐತಿ. ಕರೀದಿದ್ರೂ ಹೋಗಬೇಕ್ರಿ" ಎಂದು ತಿಳಿಸಿರುತ್ತಾರೆ.

೧೫. ಅದರಂತೆ ಶ್ರೀ ಬಸಲಿಂಗಯ್ಯನವರು ಬರುವ ಸೋಮವಾರ ಸದರಿ ಮೊಮ್ಮಗನ ಮೊದಲ ಕೂದಲು ತೆಗೆಸುವ ಕಾರ್ಯಕ್ಕೆ ನಿಡೋಣಿಗೆ ತೆರಳತಕ್ಕದ್ದು. ಕೂಸಿಗೆ ಟೊಪ್ಪಿಗೆ, ಸಕ್ರವ್ವನವರಿಗೆ ಇಳಕಲ್ಲ ಸೀರೆ ಒಯ್ಯತಕ್ಕದ್ದು. ಪ್ರಯಾಣ ಭತ್ಯೆ ಇರುವುದಿಲ್ಲ. ಭತ್ಯೆ ಪಡೆದು ಮಾಡಿದ್ದು ಆಯೇರವಾಗದು.

೧೬. ಸೀರೆಯ ಬೆಲೆಯು ಕಂಬಳಿಯ ಬೆಲೆಗೆ ಸಮನಾಗಿರತಕ್ಕದ್ದಲ್ಲ. ಘಟಕವು ತನ್ನ ಜನ್ಮವಿಡೀ ಲೆಕ್ಕ ಸಮ ಮಾಡುವುದರಲ್ಲಿಯೇ ಕಳೆದಿರುವುದರಿಂದ ಈ ಕಲಮಿಗೆ ಬಹಳ ಆಕ್ಷೇಪಗಳು ಬಂದವು. ಆದರೆ ಸಕ್ರವ್ವನವರ ಹೇಳಿಕೆಯ ಕೊನೆಯ ಭಾಗವು ಸ್ಪಷ್ಟವಾಗಿದೆ: "ಸಮ ಮಾಡಬಾರದ್ರಿ. ಒಂಚೂರ ಹೆಚ್ಚ ಹಾಕಬೇಕು, ಇಲ್ಲಾ ಒಂಚೂರ ಉಳಿಸ್ಕೋಬೇಕು. ಲೆಕ್ಕ ಮುಗೀತಂದ್ರ ಹೋಗಿ ಬರೂದು ಮುಗೀತಲ್ರಿ."

೧೭. ಅಲ್ಲಿ ತಲುಪಿದ ಮೇಲೆ ಬಸಲಿಂಗಯ್ಯನವರು ಮೈಕಿನ ಹತ್ತಿರ ನಿಲ್ಲತಕ್ಕದ್ದು. ಅಮೋಘಿಯವರು ಹೆಸರು ಕೂಗದಿದ್ದಲ್ಲಿ ಕೂಗುವವರೆಗೆ ನಿಲ್ಲತಕ್ಕದ್ದು. ಕತ್ತಲಾದರೆ ಅದನ್ನು ಕರ್ತವ್ಯಕ್ಕೆ ಗೈರುಹಾಜರಿಯೆಂದು ಪರಿಗಣಿಸಲಾಗುವುದಿಲ್ಲ.

೧೮. ಸಕ್ರವ್ವನವರು ಕೇಳಿ ಕಳಿಸಿದ ಪ್ರಶ್ನೆಗೆ ಅಲ್ಲಿಯೇ ಉತ್ತರಿಸತಕ್ಕದ್ದು. ಉತ್ತರಿಸುವಾಗ 'ತಪ್ಪಾಗಿರುತ್ತದೆ', 'ವಿಷಾದಿಸಲಾಗಿದೆ' ಎಂಬ ಮಾತುಗಳನ್ನು ಬಳಸತಕ್ಕದ್ದಲ್ಲ. 'ತಪ್ಪು ನನ್ನದು' ಎನ್ನತಕ್ಕದ್ದು. ಈ ಮಾತು ಘಟಕದಲ್ಲಿ ರೂಢಿಯಲ್ಲಿಲ್ಲದ ಕಾರಣ ಹೊರಡುವ ಮುನ್ನ ಬಾಯಿ ಬಿಟ್ಟು ಅಭ್ಯಾಸ ಮಾಡಿಕೊಳ್ಳತಕ್ಕದ್ದು.

೧೯. ತೆರಿಗೆಯ ಕಡತವನ್ನು ಮುಕ್ತಾಯಗೊಳಿಸಲಾಗಿದೆ. ಕಂಬಳಿಯ ಕಡತವನ್ನು ಯಾವ ಕಾಲಕ್ಕೂ ಮುಕ್ತಾಯಗೊಳಿಸತಕ್ಕದ್ದಲ್ಲ.

(ರುಜು)
ರಾಜೇಶ್ವರಿ
ಘಟಕದ ಮುಖ್ಯಸ್ಥರು

ಪ್ರತಿಗಳು:

೧. ಶ್ರೀ ಕರೆಪ್ಪ, ತಿಕೋಟಾ, ಇವರ ಮಾಹಿತಿಗಾಗಿ. ದ್ರಾಕ್ಷಿ ಒಣಗುವುದು ಮುಂದುವರಿಯಬಹುದು.

೨. ಅರಣ್ಯ ಇಲಾಖೆ: ಸಿಂಹದ ಬಗ್ಗೆ ಮತ್ತೊಮ್ಮೆ ಜ್ಞಾಪಿಸುತ್ತ.

೩. ಶ್ರೀ ಅಮೋಘಿ, ನಿಡೋಣಿ: ಮೈಕಿನಲ್ಲಿ ಓದಿ ಹೇಳುವ ಸಲುವಾಗಿ. ಎಲ್ಲ ಕಲಮುಗಳನ್ನು ಓದುವ ಅವಶ್ಯಕತೆಯಿಲ್ಲ. ಹದಿಮೂರನೆಯದನ್ನು ಗಟ್ಟಿಯಾಗಿ ಓದುವುದು.

೪. ಶ್ರೀ ಬಸಲಿಂಗಯ್ಯ, ನಿರೀಕ್ಷಕರು: ಮುಟ್ಟಿಲ್ಲ. ಸುತ್ತೋಲೆ ಟೈಪಾಗಿ ರುಜುವಾಗುವಷ್ಟರಲ್ಲಿ ಸೋಮವಾರ ಬಂದಿದ್ದು, ಸದರಿಯವರು ಆದೇಶಕ್ಕೆ ಕಾಯದೆ ಬೆಳಗಿನ ಬಸ್ಸಿಗೆ ಹೋಗಿರುತ್ತಾರೆ. ಅಡುಗೆ ಹೊತ್ತಿಗೆ ಸಕ್ರವ್ವನವರ ನೇರಪ್ರಸಾರ ಮತ್ತೆ ಆರಂಭವಾಗಿದೆ. ಅದರಲ್ಲಿ ಒಲೆಯ ಪಕ್ಕ, ಇಷ್ಟು ಬಿಸಿಲಿನಲ್ಲೂ ಹೆಗಲಿಗೆ ಕರಿ ಕಂಬಳಿ ಹಾಕಿಕೊಂಡು ರೊಟ್ಟಿ ಉಣ್ಣುತ್ತಿರುವವರು ಇವರೇ ಎಂದು ಗುರುತಿಸಲಾಗಿದೆ.

೫. ಲೆಕ್ಕಪತ್ರ ಶಾಖೆ: ಸದರಿ ಪ್ರಸಾರಕ್ಕೆ ಘಟಕದ ಮುಖ್ಯಸ್ಥರ ಮೊಬೈಲಿನಿಂದ ಒಂದು ಗುಲಾಬಿ ಹೋಗಿದ್ದು, ಹೆಸರು ಕೂಗಲಾಗಿದೆ. ವೆಚ್ಚ ಸ್ವಂತದ್ದು.

೬. ಆಡಳಿತ ಶಾಖೆ: ಮುಖ್ಯಸ್ಥರ ನಿವೃತ್ತಿಗೆ ಸಮಾರಂಭ ಬೇಡವೆಂದು ಹಿಂದೆ ಕೊಟ್ಟ ಟಿಪ್ಪಣಿಯನ್ನು ಹಿಂಪಡೆಯಲಾಗಿದೆ. ನಿಡೋಣಿಯಿಂದ ಜನ ಬರುವವರಿದ್ದಾರೆ. ಮೈಕು ಹಾಕಿಸತಕ್ಕದ್ದು.